ತೊಗಲಿನ ಪುಡಿ ತೊಗಲಾಗುವುದೇ? ಬಾಂಡೆಡ್ ಲೆದರ್ ಕುರಿತು ಓದುಗರ ಪ್ರಶ್ನೆಗಳು

ಪ್ರಶ್ನೆ: ನಾಲ್ಕು ವರ್ಷದ ಹಿಂದೆ ಕೊಂಡ ಸೋಫಾದಲ್ಲಿ ಕೂರುವ ಜಾಗ ಮತ್ತು ಕೈ ಇಡುವ ಜಾಗದ ಮೇಲ್ಪದರ ಹೊಪ್ಪಳೆಯಂತೆ ಏಳುತ್ತಿದೆ. ಕೂತು ಎದ್ದವರ ಬಟ್ಟೆಗೆಲ್ಲ ಕಂದು ಚೂರುಗಳು ಅಂಟಿಕೊಳ್ಳುತ್ತವೆ. ಮಾರುವಾಗ ‘ಲೆದರ್ ಸೋಫಾ’ ಎಂದೇ ಹೇಳಿದ್ದರು. ಈಗ ಅಡಿಭಾಗದಲ್ಲಿ ಹೊಲಿದಿದ್ದ ಚೀಟಿಯನ್ನು ಓದಿದರೆ ‘ಬಾಂಡೆಡ್ ಲೆದರ್’ ಎಂದಿದೆ. ಇದು ಚರ್ಮವೋ ಅಲ್ಲವೋ?

ಉತ್ತರ: ಅದರೊಳಗೆ ಚರ್ಮ ಇರುವುದು ನಿಜ, ಆದರೂ ಅದನ್ನು ಚರ್ಮವೆಂದು ಕರೆಯುವಂತಿಲ್ಲ. ಒಗಟಿನಂತೆ ಕೇಳಿಸುವ ಈ ಮಾತು ಅರ್ಥವಾಗಬೇಕಾದರೆ ಅದನ್ನು ಹೇಗೆ ತಯಾರಿಸುತ್ತಾರೆ ಎಂಬುದನ್ನು ನೋಡಬೇಕು. ಹದ ಮಾಡಿದ ತೊಗಲು ಎಲ್ಲ ಕಡೆಯೂ ಒಂದೇ ದಪ್ಪವಿರುವುದಿಲ್ಲವಾದ್ದರಿಂದ, ಅದರ ಒಳಮೈಯನ್ನು ಯಂತ್ರದಲ್ಲಿ ಹೆರೆದು ಸಮ ಮಾಡುತ್ತಾರೆ. ಆಗ ಮರಗೆಲಸದವನ ಉಜ್ಜುಗೊರಡಿನಿಂದ ಬೀಳುವ ಹೊಟ್ಟಿನಂತೆ ತೊಗಲಿನ ಹೆರಕಲು ರಾಶಿ ಬೀಳುತ್ತದೆ. ಇದರ ಜೊತೆಗೆ ಚಪ್ಪಲಿ, ಚೀಲ ಮುಂತಾದವುಗಳನ್ನು ಕತ್ತರಿಸಿದ ಮೇಲೆ ಉಳಿಯುವ ತುಂಡುಗಳೂ ಇರುತ್ತವೆ. ಇವನ್ನೆಲ್ಲ ಅರೆದು ನಾರುನಾರಾಗಿ ಮಾಡಿ, ನೀರು ಸೇರಿಸಿ ಕಲಸಿ, ಲ್ಯಾಟೆಕ್ಸ್ ಅಥವಾ ಪಾಲಿಯುರಿಥೇನ್‌ನಂತಹ ಅಂಟನ್ನು ಬೆರೆಸಿ, ಜರಡಿಯ ಮೇಲೆ ಹರಡಿ, ನೀರು ಬಸಿದು, ಒತ್ತಿ ಒಣಗಿಸಿದರೆ ಹಾಳೆ ಸಿದ್ಧವಾಗುತ್ತದೆ. ಕಾಗದ ತಯಾರಿಸುವ ಕ್ರಮವನ್ನು ಬಲ್ಲವರಿಗೆ ಇದರಲ್ಲಿ ಹೊಸದೇನೂ ಕಾಣುವುದಿಲ್ಲ.

ಪೀಠೋಪಕರಣಕ್ಕೆ ಬಳಸುವ ಬಗೆಯಲ್ಲಿ ಈ ಹಾಳೆಯೂ ತೆಳ್ಳಗಿರುತ್ತದೆ. ಅದರ ಹಿಂಬದಿಗೆ ಬಟ್ಟೆಯನ್ನು ಅಂಟಿಸಿ, ಮುಂಬದಿಗೆ ಬಣ್ಣ ಬೆರೆಸಿದ ಪಾಲಿಯುರಿಥೇನ್ ಪೊರೆಯನ್ನು ಹಾಸಿ, ಆ ಪೊರೆಯ ಮೇಲೆ ಬಿಸಿ ಉರುಳೆಯಿಂದ ತೊಗಲಿನ ಗೆರೆಗಳನ್ನು ಒತ್ತುತ್ತಾರೆ. ಇಂತಹ ಸೋಫಾ ಹೊದಿಕೆಗಳಲ್ಲಿ ತೊಗಲಿನ ಪಾಲು ಸಾಮಾನ್ಯವಾಗಿ ನೂರಕ್ಕೆ 10ರಿಂದ 20ರಷ್ಟು ಮಾತ್ರ. ಹೀಗಾಗಿ ನೀವು ನಾಲ್ಕು ವರ್ಷ ಕೈಯಿಂದ ಸವರಿದ್ದು ಪ್ಲಾಸ್ಟಿಕ್ ಪೊರೆಯನ್ನು. ತೊಗಲಿನ ಪುಡಿ ಅದರ ಕೆಳಗೆ, ನಿಮ್ಮ ಕೈಗೆ ಸಿಗದಂತೆ ಕುಳಿತಿತ್ತು.

ಬಟ್ಟೆಗೆ ಅಂಟಿದ ಒಂದು ಚೂರನ್ನು ಬಿಳಿ ಹಾಳೆಯ ಮೇಲೆ ಇಟ್ಟು ಭೂತಗನ್ನಡಿಯಲ್ಲಿ ನೋಡಿ. ಒಂದು ಮುಖ ನಯವಾಗಿ, ಬಣ್ಣವಾಗಿ, ಸ್ವಲ್ಪ ಹೊಳೆಯುತ್ತಿರುತ್ತದೆ. ಮಗುಚಿದರೆ ಇನ್ನೊಂದು ಮುಖಕ್ಕೆ ಕಂದು ಅಥವಾ ಬೂದು ಬಣ್ಣದ ಸಣ್ಣ ನವಿರು ಅಂಟಿರುತ್ತದೆ, ಬೆರಳಿನಿಂದ ಉಜ್ಜಿದರೆ ಅದು ಪುಡಿಯಾಗಿ ಉದುರುತ್ತದೆ. ಚೂರು ಎದ್ದುಹೋದ ಜಾಗದಲ್ಲಿ ಸೋಫಾದ ಮೇಲೆ ಬಟ್ಟೆಯ ಹಾಸುಹೊಕ್ಕು ಕಾಣುತ್ತದೆ. ಹೊದಿಕೆಯ ಮೂರು ಪದರಗಳೂ ಹೀಗೆ ನಿಮ್ಮ ಕಣ್ಣಿಗೆ ಬೀಳುತ್ತವೆ.

ಹೊಪ್ಪಳೆ ಏಳುವುದಕ್ಕೆ ಎರಡು ಕಾರಣಗಳು ಕೂಡಿ ಕೆಲಸ ಮಾಡುತ್ತವೆ. ಕೂತು ಏಳುವಾಗ ಹೊದಿಕೆ ಹಿಗ್ಗಿ ಕುಗ್ಗುತ್ತದೆ. ಪೊರೆ ಹಿಗ್ಗಿದಷ್ಟು ಅದರ ಕೆಳಗಿನ ಪುಡಿಯ ಪದರ ಹಿಗ್ಗಲಾರದೆ ಒಳಗೊಳಗೇ ಒಡೆಯುತ್ತದೆ. ಇನ್ನೊಂದು ಕಾರಣ ರಾಸಾಯನಿಕವಾದದ್ದು. ಗಾಳಿಯ ತೇವವೂ ಬೆವರೂ ಪಾಲಿಯುರಿಥೇನ್ ಅಣುಗಳ ಉದ್ದನೆಯ ಸರಪಳಿಯನ್ನು ನಿಧಾನವಾಗಿ ತುಂಡರಿಸುತ್ತವೆ; ಜಲವಿಚ್ಛೇದನೆ ಎಂದು ಕರೆಯುವ ಈ ಕ್ರಿಯೆ ಸೆಕೆ ಮತ್ತು ತೇವ ಹೆಚ್ಚಿದ್ದಲ್ಲಿ ಚುರುಕಾಗುತ್ತದೆ, ಮತ್ತು ಒಮ್ಮೆ ತುಂಡಾದ ಸರಪಳಿ ಮತ್ತೆ ಕೂಡುವುದಿಲ್ಲ. ತಲೆಗೂದಲಿನ ಎಣ್ಣೆ, ಕೈಗೆ ಹಚ್ಚಿದ ಸ್ಯಾನಿಟೈಸರ್ ಕೂಡ ಪೊರೆಯನ್ನು ಹಾಳು ಮಾಡುತ್ತವೆ. ಬಳಸದೆ ಮುಚ್ಚಿಟ್ಟ ಸೋಫಾ ಕೂಡ ಕೆಲವು ವರ್ಷಗಳ ನಂತರ ಮೊದಲ ಸಲ ಕೂತಾಗಲೇ ಬಿರಿಯುವುದಕ್ಕೆ ಗಾಳಿಯ ತೇವದಿಂದಾಗುವ ಈ ಜಲವಿಚ್ಛೇದನೆಯೇ ಕಾರಣ. ನೀವು ಸರಿಯಾಗಿ ನೋಡಿಕೊಳ್ಳಲಿಲ್ಲ ಎಂದು ಯಾರಾದರೂ ಹೇಳಿದರೆ ಆ ಮಾತನ್ನು ಪೂರ್ತಿಯಾಗಿ ಒಪ್ಪಬೇಕಾಗಿಲ್ಲ.

ಪ್ರಶ್ನೆ: ಪುಡಿ ಮಾಡಿ ಅಂಟಿಸಿದರೂ ಅದು ಅದೇ ತೊಗಲಿನ ವಸ್ತುವೇ ಅಲ್ಲವೇ? ಅಸಲಿ ಚರ್ಮಕ್ಕೆ ಇರುವ ಗಟ್ಟಿತನ ಇದಕ್ಕೇಕೆ ಬರುವುದಿಲ್ಲ? ಫುಲ್ ಗ್ರೇನ್, ಟಾಪ್ ಗ್ರೇನ್, ಜೆನ್ಯೂಯಿನ್ ಎಂಬ ಪದಗಳ ಅರ್ಥವನ್ನೂ ತಿಳಿಸಿ.

ಉತ್ತರ: ವಸ್ತು ಅದೇ, ಆದರೆ ಹೆಣಿಗೆ ಉಳಿದಿರುವುದಿಲ್ಲ. ತೊಗಲಿನ ಗಟ್ಟಿತನ ಇರುವುದೆಲ್ಲ ಆ ಹೆಣಿಗೆಯಲ್ಲಿ. ತೊಗಲಿನ ಮುಖ್ಯ ಪದಾರ್ಥ ಕೊಲಾಜೆನ್ ಎಂಬ ಪ್ರೋಟೀನು. ಅದರ ಒಂದೊಂದು ಅಣುವೂ ಮೂರು ಎಳೆಗಳು ಹುರಿಗೊಂಡ ಹಗ್ಗದಂತಿದೆ ಎಂಬುದನ್ನು 1954ರಲ್ಲಿ ಜಿ.ಎನ್. ರಾಮಚಂದ್ರನ್ ಮತ್ತು ಗೋಪಿನಾಥ್ ಕರ್ತಾ ಮೊದಲು ಮುಂದಿಟ್ಟರು. ಇಂತಹ ಹುರಿಗಳು ಸೇರಿ ಸಣ್ಣ ನಾರು, ಸಣ್ಣ ನಾರುಗಳು ಸೇರಿ ದಪ್ಪ ನಾರು, ದಪ್ಪ ನಾರುಗಳು ಸೇರಿ ಕಣ್ಣಿಗೆ ಕಾಣುವ ಕಂತೆಗಳಾಗುತ್ತವೆ. ಈ ಕಂತೆಗಳು ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಒಂದರೊಳಗೊಂದು ಹೊಕ್ಕು, ಕವಲೊಡೆದು, ಮತ್ತೆ ಕೂಡಿಕೊಂಡು ತೊಗಲಿನ ಉದ್ದಗಲಕ್ಕೂ ಹರಡಿರುತ್ತವೆ. ಮಗ್ಗದ ಬಟ್ಟೆಗಾದರೆ ಹಾಸು ಮತ್ತು ಹೊಕ್ಕು ಎಂಬ ಎರಡೇ ದಿಕ್ಕು; ತೊಗಲಿನ ಹೆಣಿಗೆಗೆ ಎಲ್ಲ ದಿಕ್ಕುಗಳೂ ಸೇರಿವೆ. ಅದರ ಅಂಚನ್ನು ಕತ್ತರಿಸಿದರೆ ಬಟ್ಟೆಯಂತೆ ಎಳೆ ಬಿಚ್ಚಿಕೊಳ್ಳದಿರುವುದು, ಒಂದು ಕಡೆ ಜಗ್ಗಿದರೆ ಆ ಭಾರ ಅಕ್ಕಪಕ್ಕದ ನಾರುಗಳಿಗೆಲ್ಲ ಹಂಚಿಹೋಗುವುದು ಇದರಿಂದಲೇ.

ಹದ ಮಾಡುವುದೆಂದರೆ ಈ ಹೆಣಿಗೆಯನ್ನು ಕದಲಿಸದೆ ಸ್ಥಿರಗೊಳಿಸುವುದು. ಹಸಿ ತೊಗಲು ನೆನೆದರೆ ಕೊಳೆಯುತ್ತದೆ, ಒಣಗಿದರೆ ಹಲಗೆಯಂತೆ ಸೆಟೆಯುತ್ತದೆ, ಸುಮಾರು 60 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಮುದುಡಿಕೊಳ್ಳುತ್ತದೆ. ಅಳಲೆಕಾಯಿ, ಜಾಲಿ, ಓಕ್, ಚೆಸ್ಟ್‌ನಟ್ ಮುಂತಾದವುಗಳ ಒಗರನ್ನೋ ಕ್ರೋಮಿಯಂ ಲವಣವನ್ನೋ ಹೀರಿದ ಮೇಲೆ ನಾರುಗಳ ನಡುವೆ ಹೊಸ ಬಂಧಗಳು ಏರ್ಪಟ್ಟು ಕೊಳೆಯುವುದು ನಿಲ್ಲುತ್ತದೆ. ಕ್ರೋಮಿಯಂನಿಂದ ಚೆನ್ನಾಗಿ ಹದಗೊಂಡ ತೊಗಲು ಕುದಿಯುವ ನೀರನ್ನೂ ತಾಳುತ್ತದೆ. ಇಷ್ಟೆಲ್ಲ ಮಾಡಿ ಉಳಿಸಿಕೊಂಡ ಹೆಣಿಗೆಯನ್ನು ಅರೆಯುವ ಯಂತ್ರಕ್ಕೆ ಹಾಕಿದ ಕ್ಷಣ ಅದು ಮುಗಿಯಿತು. ಒಂದು ಪಂಚೆಯನ್ನು ಎಳೆಯೆಳೆಯಾಗಿ ಬಿಡಿಸಿ, ಕಾಲು ಅಂಗುಲದ ಚೂರುಗಳಾಗಿ ಕತ್ತರಿಸಿ, ಗೋಂದು ಕಲಸಿ ಹಾಳೆ ಮಾಡಿದರೆ ಅದರಲ್ಲಿ ನೂಲು ಇದೆ ಎನ್ನಬಹುದು. ಅದನ್ನು ಪಂಚೆ ಎಂದು ಉಡಲಾಗುವುದಿಲ್ಲ. ಬಾಂಡೆಡ್ ಲೆದರಿನಲ್ಲಿ ಹೆಣಿಗೆ ಮಾಡಬೇಕಾದ ಕೆಲಸವನ್ನು ಅಂಟು ಮಾಡುತ್ತದೆ, ಆದ್ದರಿಂದ ಅದರ ಆಯುಷ್ಯ ಅಂಟಿನ ಆಯುಷ್ಯವೇ.

ಇನ್ನು ಪದಗಳ ವಿಚಾರ. ದನದ ತೊಗಲು ಸಾಮಾನ್ಯವಾಗಿ 4ರಿಂದ 6 ಮಿಲಿಮೀಟರ್ ದಪ್ಪ ಇರುವುದರಿಂದ ಅದನ್ನು ಅಡ್ಡಲಾಗಿ ಸೀಳಿ ಎರಡು ಅಥವಾ ಹೆಚ್ಚು ಪದರ ಮಾಡುತ್ತಾರೆ. ಕೂದಲಿದ್ದ ಕಡೆಯ ಮೇಲ್ಪದರದಲ್ಲಿ ನಾರುಗಳು ಬಹಳ ಸಣ್ಣಗೆ, ಒತ್ತೊತ್ತಾಗಿ ಇರುತ್ತವೆ. ಆ ಮುಖವನ್ನು ಉಜ್ಜದೆ, ರೋಮರಂಧ್ರ, ಉಣ್ಣೆ ಕಚ್ಚಿದ ಗುರುತು, ಮುಳ್ಳು ಗೀರಿದ ಗಾಯದ ಸಮೇತ ಉಳಿಸಿಕೊಂಡರೆ ಅದು ಫುಲ್ ಗ್ರೇನ್. ಗುರುತುಗಳನ್ನು ಮರಳುಕಾಗದದಿಂದ ಉಜ್ಜಿ ತೆಗೆದು, ಮೇಲೆ ಬಣ್ಣ ಬಳಿದು, ಒಂದೇ ಸಮನಾದ ಗೆರೆ ಒತ್ತಿದರೆ ಕರೆಕ್ಟೆಡ್ ಗ್ರೇನ್; ಅಂಗಡಿಗಳಲ್ಲಿ ಟಾಪ್ ಗ್ರೇನ್ ಎಂದು ಮಾರುವುದು ಬಹುಮಟ್ಟಿಗೆ ಇದೇ. ಸೀಳಿದ ಕೆಳಪದರಕ್ಕೆ ಸ್ಪ್ಲಿಟ್ ಎನ್ನುತ್ತಾರೆ, ನವಿರು ಎಬ್ಬಿಸಿದ ಸ್ವೇಡ್ ಸಾಮಾನ್ಯವಾಗಿ ಅದರಿಂದ ಬರುತ್ತದೆ.

‘ಜೆನ್ಯೂಯಿನ್ ಲೆದರ್’ ಎಂಬ ಮುದ್ರೆಯ ಬಗ್ಗೆ ಎರಡು ತಪ್ಪು ತಿಳಿವಳಿಕೆಗಳಿವೆ. ಅದನ್ನು ಶ್ರೇಷ್ಠತೆಯ ಗುರುತೆಂದು ನಂಬಿ ಹೆಚ್ಚು ಹಣ ಕೊಡುವವರಿದ್ದಾರೆ. ಅದು ಚರ್ಮದ ದರ್ಜೆಗಳಲ್ಲಿ ಬಹಳ ಕೆಳಗಿನದೆಂದು ಅಂತರ್ಜಾಲದಲ್ಲಿ ಓದಿ ಮುಖ ತಿರುಗಿಸುವವರೂ ಇದ್ದಾರೆ. ಅದು ದರ್ಜೆಯೇ ಅಲ್ಲ; ವಸ್ತು ಚರ್ಮದ್ದು ಎಂದಷ್ಟೇ ಆ ಮಾತಿನ ಅರ್ಥ. ಒಳ್ಳೆಯ ಫುಲ್ ಗ್ರೇನ್ ಚೀಲದ ಮೇಲೂ ಆ ಮುದ್ರೆ ಇರಬಹುದು, ದಪ್ಪ ಬಣ್ಣ ಬಳಿದ ಸ್ಪ್ಲಿಟ್ ಬೆಲ್ಟಿನ ಮೇಲೂ ಇರಬಹುದು.

ಪ್ರಶ್ನೆ: ಒಂದು ಹನಿ ನೀರು ಹಾಕಿ ನೋಡು, ಬೆಂಕಿಕಡ್ಡಿ ಗೀರಿ ಸುಟ್ಟು ನೋಡು, ಮೂಸಿ ನೋಡು ಎಂದು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಕೊಳ್ಳುವ ಮೊದಲು ಬಾಂಡೆಡ್ ಲೆದರನ್ನು ಗುರುತಿಸುವುದು ಹೇಗೆ?

ಉತ್ತರ: ನೀವು ಹೆಸರಿಸಿದ ಮೂರೂ ಪರೀಕ್ಷೆಗಳು ಬಾಂಡೆಡ್ ಲೆದರಿನ ಮುಂದೆ ಸೋಲುತ್ತವೆ. ಸುಟ್ಟರೆ ಅಸಲಿ ಚರ್ಮ ಕೂದಲು ಸುಟ್ಟ ವಾಸನೆ ಕೊಡುತ್ತದೆ ಎಂಬುದು ನಿಜ, ಆದರೆ ತೊಗಲಿನ ಪುಡಿಯೂ ಅದೇ ಪ್ರೋಟೀನು ಆದ್ದರಿಂದ ಅದೂ ಹಾಗೆಯೇ ನಾರುತ್ತದೆ. ಮಾರಾಟಕ್ಕಿಟ್ಟ ವಸ್ತುವನ್ನು ಸುಡಲು ಯಾರು ಬಿಡುತ್ತಾರೆ ಎಂಬ ಪ್ರಶ್ನೆ ಬೇರೆ. ತೊಗಲಿನ ಪುಡಿಗೆ ತೊಗಲಿನದೇ ವಾಸನೆ ಇರುವುದರಿಂದ ಮೂಸಿದರೂ ತಿಳಿಯುವುದಿಲ್ಲ, ಮೇಲಾಗಿ ಆ ವಾಸನೆಯನ್ನು ಬೇರೆಯಾಗಿ ಸೇರಿಸಲೂ ಬರುತ್ತದೆ. ನೀರಿನ ಹನಿಯ ಪರೀಕ್ಷೆಯಂತೂ ಒಳ್ಳೆಯದನ್ನೇ ಕೆಟ್ಟದ್ದೆಂದು ತೋರಿಸಬಹುದು: ಬಣ್ಣದ ಲೇಪವಿರುವ ಅಸಲಿ ಚರ್ಮ ನೀರನ್ನು ಹೀರುವುದೇ ಇಲ್ಲ, ಲೇಪವಿಲ್ಲದ ಅನಿಲಿನ್ ಚರ್ಮ ಹೀರಿ ಕಲೆ ಉಳಿಸಿಕೊಳ್ಳುತ್ತದೆ.

ನನ್ನ ಅನುಭವದಲ್ಲಿ ನಂಬಬಹುದಾದದ್ದು ಕತ್ತರಿಸಿದ ಅಂಚು. ಹಳೆಯ ಬೆಲ್ಟೊಂದು ಬಕಲ್ಲಿನ ಬಳಿ ಬಿರಿದಾಗ ಅದನ್ನು ಬ್ಲೇಡಿನಿಂದ ಅಡ್ಡಲಾಗಿ ಕೊಯ್ದು ನೋಡಿದ್ದೆ. ಹೊರಮುಖದಲ್ಲಿ ಉಗುರಿನಷ್ಟು ತೆಳುವಾದ ಚರ್ಮದ ಪದರ, ಒಳಮುಖದಲ್ಲಿ ಅಷ್ಟೇ ತೆಳುವಾದ ಸ್ಪ್ಲಿಟ್, ನಡುವೆ ಬೆಲ್ಟಿನ ದಪ್ಪವನ್ನೆಲ್ಲ ತುಂಬಿಕೊಂಡಿದ್ದ ಕಂದು ರಟ್ಟಿನಂತಹ ವಸ್ತು. ಆ ನಡುವಿನ ಪದರವನ್ನು ಬೆರಳುಗಳ ನಡುವೆ ಬಗ್ಗಿಸಿದರೆ ಬಾಗದೆ ಲಟ್ಟನೆ ಮುರಿಯಿತು. ಮುರಿದ ಬಾಯಿಯಲ್ಲಿ ಉದ್ದನೆಯ ನಾರು ಒಂದೂ ಇರಲಿಲ್ಲ, ಮರದ ಹೊಟ್ಟನ್ನು ಒತ್ತಿದ ಹಲಗೆಯಂತೆ ಕಾಣುತ್ತಿತ್ತು. ಪಕ್ಕದಲ್ಲೇ ಇಟ್ಟಿದ್ದ ಹಳೆಯ ಚಪ್ಪಲಿಯ ಬಾರನ್ನು ಕೊಯ್ದಾಗ ಅಂಚಿನಲ್ಲಿ ನಾರುಗಳು ಕುಂಚದ ತುದಿಯಂತೆ ಕೆದರಿಕೊಂಡವು, ಪದರಗಳ ಗೆರೆ ಎಲ್ಲಿಯೂ ಕಾಣಲಿಲ್ಲ, ಎಷ್ಟು ಬಗ್ಗಿಸಿದರೂ ಅದು ಮುರಿಯಲಿಲ್ಲ. ಆ ಬೆಲ್ಟಿನ ಮೇಲೆ ‘ಜೆನ್ಯೂಯಿನ್ ಲೆದರ್’ ಎಂಬ ಮುದ್ರೆಯೂ ಇತ್ತು. ಹೊರಗಿನ ಎರಡು ತೆಳು ಪದರಗಳ ಮಟ್ಟಿಗೆ ಅದನ್ನು ಸುಳ್ಳೆನ್ನಲು ಬರುವಂತಿರಲಿಲ್ಲ.

ಅಂಗಡಿಯಲ್ಲಿ ಬ್ಲೇಡು ಹಿಡಿಯಲಾಗದು, ಆದರೆ ಅಂಚು ಎಲ್ಲಾದರೂ ಸಿಕ್ಕೇ ಸಿಗುತ್ತದೆ: ಬೆಲ್ಟಿನ ತೂತಿನೊಳಗೆ, ಚೀಲದ ಜಿಪ್ಪಿನ ಮಗ್ಗುಲಲ್ಲಿ, ಸೋಫಾದ ಅಡಿಯಲ್ಲಿ ಮೊಳೆ ಹೊಡೆದ ಕಡೆ. ಅಂಚಿಗೆ ದಪ್ಪನಾಗಿ ಬಣ್ಣ ಬಳಿದು ಮುಚ್ಚಿದ್ದರೆ ಸ್ವಲ್ಪ ಅನುಮಾನ ಪಡಿ, ಆದರೆ ಅಷ್ಟರಿಂದಲೇ ತೀರ್ಮಾನಕ್ಕೆ ಬರಬೇಡಿ, ಏಕೆಂದರೆ ದುಬಾರಿ ಅಸಲಿ ಚೀಲಗಳ ಅಂಚಿಗೂ ಬಣ್ಣ ಬಳಿಯುವ ರೂಢಿ ಇದೆ. ಹಿಂಬದಿಯಲ್ಲಿ ಬಟ್ಟೆಯ ನೇಯ್ಗೆ ಕಂಡರೆ ಅದು ಬಾಂಡೆಡ್ ಆಗಿರಬೇಕು ಅಥವಾ ಪೂರ್ತಿ ಕೃತಕವಾಗಿರಬೇಕು. ಹಿಂಬದಿಯಲ್ಲಿ ನವಿರು ಇದ್ದ ಮಾತ್ರಕ್ಕೆ ನಂಬುವಂತಿಲ್ಲ. ನವಿರನ್ನು ಅಂಟಿಸಲೂ ಬರುತ್ತದೆ. ಮೇಲ್ಮೈಯನ್ನು ಹೆಬ್ಬೆರಳಿನಿಂದ ಒತ್ತಿದಾಗ ಅಸಲಿ ಚರ್ಮದಲ್ಲಿ ಒತ್ತಿದ ಜಾಗದ ಸುತ್ತ ಸಣ್ಣ ಸುಕ್ಕುಗಳು ಕಿರಣಗಳಂತೆ ಹರಡುತ್ತವೆ, ಪ್ಲಾಸ್ಟಿಕ್ ಪೊರೆ ಸಾಮಾನ್ಯವಾಗಿ ಸುಮ್ಮನೆ ತಗ್ಗುತ್ತದೆ. ಗೆರೆಗಳ ವಿನ್ಯಾಸ ಒಂದು ಗೇಣಿಗೊಮ್ಮೆ ಮತ್ತೆ ಅದೇ ಆಗಿ ಬಂದರೆ ಅದು ಉರುಳೆಯಿಂದ ಒತ್ತಿದ್ದು ಎಂಬುದು ಖಚಿತ. ಆದರೆ ಕರೆಕ್ಟೆಡ್ ಗ್ರೇನ್ ಚರ್ಮಕ್ಕೂ ಗೆರೆ ಒತ್ತುತ್ತಾರೆ ಎಂಬುದನ್ನು ಮರೆಯಬಾರದು. ಹೀಗೆ ಅಂಚು, ಹಿಂಬದಿ, ಸುಕ್ಕು ಮೂರನ್ನೂ ಸೇರಿಸಿ ನೋಡಿದಾಗ ಮಾತ್ರ ತಪ್ಪುವುದು ಕಡಿಮೆ.

ಇನ್ನೊಂದು ಅಂದಾಜೂ ಉಪಯೋಗಕ್ಕೆ ಬರುತ್ತದೆ. ಒಂದು ಇಡೀ ದನದ ತೊಗಲಿನ ವಿಸ್ತಾರ ಸುಮಾರು 4ರಿಂದ 5 ಚದರ ಮೀಟರ್. ಗಾಯದ ಗುರುತು, ಹೊಟ್ಟೆಯ ಸಡಿಲ ಭಾಗ ಇವೆಲ್ಲವನ್ನೂ ಬಿಟ್ಟು ಕತ್ತರಿಸಬೇಕಾದ್ದರಿಂದ ಅಸಲಿ ಚರ್ಮದ ದೊಡ್ಡ ಸೋಫಾದಲ್ಲಿ ಹೊಲಿಗೆಗಳು ಹೆಚ್ಚಿರುತ್ತವೆ. ಬಾಂಡೆಡ್ ಲೆದರಾದರೋ ಬಟ್ಟೆಯಂತೆ ಸುರುಳಿಯಾಗಿ ಬರುತ್ತದೆ. ಮೂರು ಜನ ಕೂರುವಷ್ಟು ಉದ್ದದ ಬೆನ್ನು ಒಂದೇ ತುಂಡಿನದ್ದಾಗಿದ್ದು ಎಲ್ಲಿಯೂ ಒಂದು ಗುರುತೂ ಇಲ್ಲದಿದ್ದರೆ ಮಾರುವವರನ್ನು ಇನ್ನಷ್ಟು ಪ್ರಶ್ನೆ ಕೇಳುವುದು ಒಳ್ಳೆಯದು.

ಪ್ರಶ್ನೆ: ರೆಕ್ಸಿನ್, ಪಿಯು ಲೆದರ್, ಬಾಂಡೆಡ್ ಲೆದರ್ ಮೂರೂ ಒಂದೇ ಎಂದು ನಮ್ಮ ಮನೆಯವರು ವಾದಿಸುತ್ತಾರೆ. ಹೌದೇ?

ಉತ್ತರ: ಮೇಲ್ಮೈ ನೋಡಿದರೆ ಹೌದು ಎನ್ನಬಹುದು, ಒಳಗಿನದು ಬೇರೆ. ರೆಕ್ಸಿನ್ ಎಂಬುದು ಮೂಲದಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಬಳಿಯ ಹೈಡ್ ಎಂಬ ಊರಿನ ಒಂದು ಕಂಪನಿಯ ವ್ಯಾಪಾರನಾಮ. ಇಂಗ್ಲಿಷಿನಲ್ಲಿ ಆ ಊರಿನ ಹೆಸರೂ ತೊಗಲಿನ ಹೆಸರೂ ಉಚ್ಚಾರಣೆಯಲ್ಲಿ ಒಂದೇ ಎಂಬುದು ಕಾಕತಾಳೀಯ. ಅವರು ಬಟ್ಟೆಯ ಮೇಲೆ ಸೆಲ್ಯುಲೋಸ್ ನೈಟ್ರೇಟ್ ಲೇಪಿಸುತ್ತಿದ್ದರು. ಆ ಹೆಸರು ಕನ್ನಡದಲ್ಲಿ ಉಳಿದು, ಇಂದು ನಾವು ಪಿವಿಸಿ ಲೇಪಿಸಿದ ಬಟ್ಟೆಯನ್ನು ರೆಕ್ಸಿನ್ ಎನ್ನುತ್ತೇವೆ. ಪಿಯು ಎಂದರೆ ಪಾಲಿಯುರಿಥೇನ್ ಲೇಪಿಸಿದ ಬಟ್ಟೆ. ಎರಡರಲ್ಲೂ ತೊಗಲು ಎಳ್ಳಷ್ಟೂ ಇರುವುದಿಲ್ಲ. ಬಾಂಡೆಡ್ ಲೆದರ್ ಎಂದರೆ ಪಿಯು ಪೊರೆಗೂ ಬಟ್ಟೆಗೂ ನಡುವೆ ತೊಗಲಿನ ಪುಡಿಯ ಪದರ ಸೇರಿಕೊಂಡದ್ದು.

ಇಲ್ಲಿ ನನ್ನ ಅಭಿಪ್ರಾಯವನ್ನು ಮುಚ್ಚಿಡುವುದಿಲ್ಲ. ಸೋಫಾ ಅಥವಾ ಕುರ್ಚಿಯ ಮಟ್ಟಿಗೆ ಆ ಪುಡಿಯ ಪದರ ಬಲವನ್ನು ಹೆಚ್ಚಿಸುವುದಕ್ಕಿಂತ ತಗ್ಗಿಸುವುದೇ ಜಾಸ್ತಿ, ಏಕೆಂದರೆ ಪೊರೆ ಬಟ್ಟೆಯನ್ನು ನೇರವಾಗಿ ಹಿಡಿದುಕೊಳ್ಳುವ ಬದಲು ಸುಲಭವಾಗಿ ಒಡೆಯುವ ಪದರವೊಂದನ್ನು ಹಿಡಿದುಕೊಂಡಿರುತ್ತದೆ. ಚೆನ್ನಾಗಿ ತಯಾರಿಸಿದ ಪಿಯು ಅಥವಾ ರೆಕ್ಸಿನ್ ಅದಕ್ಕಿಂತ ಹೆಚ್ಚು ಕಾಲ ಬರುವುದನ್ನು ಕಂಡಿದ್ದೇನೆ. ರೆಕ್ಸಿನ್ನಿಗೆ ಅದರದೇ ಕಾಯಿಲೆ ಇದೆ: ಪಿವಿಸಿಯನ್ನು ಮೆದುವಾಗಿಡಲು ಸೇರಿಸಿದ ಎಣ್ಣೆಯಂತಹ ದ್ರವ್ಯ ಕಾಲಕ್ರಮೇಣ ಹೊರಬಂದು, ಮೇಲ್ಮೈ ಮೊದಲು ಜಿಗುಟಾಗಿ, ಆಮೇಲೆ ಬಿರುಸಾಗಿ ಸೀಳುತ್ತದೆ. ಹಾಗಿದ್ದರೂ ರೆಕ್ಸಿನ್ ತನ್ನನ್ನು ರೆಕ್ಸಿನ್ ಎಂದೇ ಹೇಳಿಕೊಳ್ಳುತ್ತದೆ. ಲೆದರ್ ಎಂಬ ಹೆಸರನ್ನು ಮುಂದಿಟ್ಟುಕೊಂಡು ಬೆಲೆ ಏರಿಸಿಕೊಳ್ಳುವುದಿಲ್ಲ.

ಗೊಂದಲ ಹೆಚ್ಚಿಸುವ ಇನ್ನೊಂದು ಬಗೆಯೂ ಇದೆ. ಸೀಳಿದ ಕೆಳಪದರದ, ಅಂದರೆ ಸ್ಪ್ಲಿಟ್ಟಿನ ಮೇಲೆ ಪಾಲಿಯುರಿಥೇನ್ ಪೊರೆ ಅಂಟಿಸಿದ್ದಕ್ಕೆ ಬೈಕಾಸ್ಟ್ ಎನ್ನುತ್ತಾರೆ. ಅದರ ಪೊರೆಯೂ ಏಳಬಹುದು, ಆದರೆ ಕೆಳಗೆ ಹೆಣಿಗೆ ಕೆಡದ ತೊಗಲು ಇರುವುದರಿಂದ ವಸ್ತು ಹರಿಯುವುದಿಲ್ಲ. ಸಿಪ್ಪೆ ಎದ್ದದ್ದೆಲ್ಲ ಬಾಂಡೆಡ್ ಅಲ್ಲ ಎಂದು ಹೇಳುವುದು ಇದಕ್ಕಾಗಿ.

ಪ್ರಶ್ನೆ: ನಾವು ಪ್ರಾಣಿಜನ್ಯ ವಸ್ತುಗಳನ್ನು ಬಳಸುವುದಿಲ್ಲ. ಬಾಂಡೆಡ್ ಲೆದರ್ ಕೃತಕ ಎಂದು ಅಂಗಡಿಯವರು ಭರವಸೆ ಕೊಟ್ಟರು. ಕೊಳ್ಳಬಹುದೇ?

ಉತ್ತರ: ಕೊಳ್ಳಬೇಡಿ. ಅದರ ಪುಡಿ ಪ್ರಾಣಿಯ ತೊಗಲಿನದೇ. ‘ವೀಗನ್ ಲೆದರ್’ ಎಂದು ಬರೆದ ವಸ್ತುಗಳಲ್ಲಿ ಪ್ರಾಣಿಯ ಅಂಶ ಇರಬಾರದು; ಅವುಗಳಲ್ಲಿ ಹೆಚ್ಚಿನವು ಪಿಯು ಅಥವಾ ಪಿವಿಸಿ. ಅನಾನಸ್ ಎಲೆಯ ನಾರು ಮುಂತಾದ ಸಸ್ಯಮೂಲದ ಬಟ್ಟೆಗಳೂ ಬಂದಿವೆ, ಆದರೆ ಅವುಗಳಿಗೂ ಮೇಲೆ ರಾಳದ ಲೇಪ ಇರುವುದು ಸಾಮಾನ್ಯವಾದ್ದರಿಂದ, ಪ್ಲಾಸ್ಟಿಕ್ ಕೂಡ ಬೇಡ ಎನ್ನುವವರು ಲೇಪ ಯಾವುದರದು ಎಂದು ಬೇರೆಯಾಗಿ ಕೇಳಬೇಕು.

ಪ್ರಶ್ನೆ: ಪುಡಿ ಸೇರಿಸಿದ್ದನ್ನು ‘ಲೆದರ್’ ಎಂದು ಮಾರುವುದಕ್ಕೆ ನಿಯಮಗಳ ಅಡ್ಡಿ ಇಲ್ಲವೇ?

ಉತ್ತರ: ದೇಶದಿಂದ ದೇಶಕ್ಕೆ ನಿಯಮ ಬೇರೆ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1996ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಅರೆದು ಅಂಟಿಸಿದ ವಸ್ತುವನ್ನು ಸುಮ್ಮನೆ ಲೆದರ್ ಎನ್ನುವಂತಿಲ್ಲ. ಬಾಂಡೆಡ್ ಲೆದರ್ ಎಂಬ ಪದವನ್ನು ಬಳಸುವುದಾದರೆ ಅದರಲ್ಲಿ ತೊಗಲಿನ ನಾರು ಶೇಕಡಾ ಎಷ್ಟು, ಬೇರೆ ವಸ್ತು ಶೇಕಡಾ ಎಷ್ಟು ಎಂಬುದನ್ನೂ ಜೊತೆಯಲ್ಲೇ ಹೇಳಬೇಕು. ಯುರೋಪಿನ ಇಎನ್ 15987 ಎಂಬ ಮಾನಕ ಇನ್ನೂ ಬಿಗಿಯಾಗಿದೆ. ಮೂಲ ನಾರಿನ ಹೆಣಿಗೆ ಹೆಚ್ಚುಕಡಿಮೆ ಹಾಗೆಯೇ ಉಳಿದಿರುವುದನ್ನು ಮಾತ್ರ ಅದು ಲೆದರ್ ಎನ್ನುತ್ತದೆ. ಅರೆದು ಪುಡಿ ಮಾಡಿ ಹಾಳೆ ಮಾಡಿದ್ದು, ಅಂಟು ಬೆರೆಸಿದರೂ ಬೆರೆಸದಿದ್ದರೂ, ಲೆದರ್ ಅಲ್ಲ. ಅಂತಹ ಹಾಳೆಗೆ ‘ಲೆದರ್ ಫೈಬರ್ ಬೋರ್ಡ್’ ಎಂಬ ಹೆಸರು ಸಲ್ಲಬೇಕಾದರೂ ಅದರ ಒಣ ತೂಕದಲ್ಲಿ ಕನಿಷ್ಠ ಅರ್ಧದಷ್ಟು ತೊಗಲು ಇರಬೇಕು. ಅಸಲಿ ಚರ್ಮದ ಮೇಲಿನ ಲೇಪಕ್ಕೂ ಮಿತಿ ಇದೆ: 0.15 ಮಿಲಿಮೀಟರ್ ಮೀರಿದರೆ ಅದನ್ನು ಬರೀ ಲೆದರ್ ಎನ್ನದೆ ಲೇಪಿತ ಲೆದರ್ ಎಂದು ಕರೆಯಬೇಕಾಗುತ್ತದೆ.

ಪಾದರಕ್ಷೆಗಳಿಗೆ ಯುರೋಪಿನಲ್ಲಿ 1994ರ ನಿರ್ದೇಶನದಂತೆ ಚಿತ್ರಚೀಟಿ ಕಡ್ಡಾಯ. ಹರಡಿದ ತೊಗಲಿನ ಆಕಾರವೆಂದರೆ ಚರ್ಮ, ಅದರ ನಡುವೆ ವಜ್ರಾಕೃತಿ ಇದ್ದರೆ ಲೇಪಿತ ಚರ್ಮ, ಬರೀ ವಜ್ರಾಕೃತಿಯಾದರೆ ಬೇರೆ ವಸ್ತು. ಮೇಲ್ಭಾಗ, ಒಳಪದರ, ಅಟ್ಟೆ ಈ ಮೂರಕ್ಕೂ ಬೇರೆಬೇರೆ ಚಿತ್ರ ಇರುತ್ತದೆ. ರಫ್ತಿಗೆಂದು ಮಾಡಿದ ಜೋಡುಗಳಲ್ಲಿ ಈ ಚೀಟಿಯನ್ನು ನೀವು ನೋಡಿರಬಹುದು; ಇನ್ನು ಮೇಲೆ ಕೊಳ್ಳುವಾಗ ಒಮ್ಮೆ ಅಟ್ಟೆಯ ಚಿತ್ರವನ್ನೂ ಗಮನಿಸಿ. ಎಲ್ಲಿಯೇ ಕೊಳ್ಳಿ, ಬಿಲ್ಲಿನಲ್ಲಿ ವಸ್ತುವಿನ ಹೆಸರನ್ನು ಪೂರ್ತಿಯಾಗಿ ಬರೆಸಿಕೊಳ್ಳುವುದು ಮುಂದೆ ದೂರು ಕೊಡಬೇಕಾಗಿ ಬಂದಾಗ ಬಾಯಿಮಾತಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಪ್ರಶ್ನೆ: ಸಿಪ್ಪೆ ಎದ್ದ ಕುರ್ಚಿಗೆ ಲೆದರ್ ಕ್ರೀಮು, ಕೊಬ್ಬರಿ ಎಣ್ಣೆ ಎರಡನ್ನೂ ಹಚ್ಚಿ ನೋಡಿದೆ. ಪ್ರಯೋಜನವಾಗಲಿಲ್ಲ. ಬೇರೆ ಉಪಾಯ ಇದೆಯೇ?

ಉತ್ತರ: ಕ್ರೀಮಾಗಲಿ ಎಣ್ಣೆಯಾಗಲಿ ಕೆಲಸ ಮಾಡುವುದು ನಾರುಗಳ ನಡುವೆ ಇಳಿದಾಗ. ಪಾಲಿಯುರಿಥೇನ್ ಪೊರೆ ಅದನ್ನು ಒಳಗೆ ಬಿಡುವುದಿಲ್ಲ. ಬಿಟ್ಟರೂ ಕೆಳಗಿರುವ ಪುಡಿಗೆ ಎಣ್ಣೆ ಸೇರಿದರೆ ಅಂಟು ಇನ್ನಷ್ಟು ಸಡಿಲವಾಗುತ್ತದೆ. ದಯವಿಟ್ಟು ಎಣ್ಣೆಯನ್ನು ನಿಲ್ಲಿಸಿ. ಎದ್ದ ಜಾಗವನ್ನು ಕೆರೆದು, ಮೆತ್ತುವ ಫಿಲ್ಲರ್ ತುಂಬಿ, ಹೊಂದುವ ಬಣ್ಣ ಬಳಿಯುವ ಸಾಮಗ್ರಿ ಸಿಗುತ್ತದೆ. ಅದು ಕೈ ಇಡುವ ಜಾಗದಲ್ಲಿ ಕೆಲವು ತಿಂಗಳು ನಿಲ್ಲಬಹುದು, ಕೂರುವ ಜಾಗದಲ್ಲಿ ಅಷ್ಟೂ ನಿಲ್ಲುವುದಿಲ್ಲ, ಏಕೆಂದರೆ ನೀವು ತುಂಬಿದ ಜಾಗದ ಪಕ್ಕದಲ್ಲಿ ಅದೇ ವಯಸ್ಸಿನ ಅದೇ ಪೊರೆ ಒಡೆಯಲು ಕಾಯುತ್ತಿರುತ್ತದೆ. ಕುರ್ಚಿಯ ಚೌಕಟ್ಟು ಮತ್ತು ಸ್ಪಂಜು ಗಟ್ಟಿಯಾಗಿದ್ದರೆ ಹೊದಿಕೆಯನ್ನು ಪೂರ್ತಿ ಬಿಚ್ಚಿ ಹೊಸ ಬಟ್ಟೆ ಅಥವಾ ಒಳ್ಳೆಯ ರೆಕ್ಸಿನ್ ಹೊದಿಸುವುದೇ ನಿಜವಾದ ರಿಪೇರಿ. ಅಲ್ಲಿಯವರೆಗೆ ಗವಸು ಹಾಕಿಡಿ.

ಇನ್ನೂ ಸಿಪ್ಪೆ ಏಳದಿರುವ ವಸ್ತುವಾದರೆ ಅದನ್ನು ಬಿಸಿಲಿನಿಂದ, ಹೀಟರಿನಿಂದ ದೂರ ಇಡಿ. ತುಸು ಒದ್ದೆ ಮಾಡಿದ ಮೆತ್ತನೆಯ ಬಟ್ಟೆಯಿಂದ ಒರೆಸಿ ಕೂಡಲೇ ಒಣಬಟ್ಟೆಯಿಂದ ಒರೆಸಿ. ಸ್ಪಿರಿಟ್ಟು, ಅಮೋನಿಯಾ ಇರುವ ದ್ರವ ಬೇಡ. ಇದರಿಂದ ಒಂದೆರಡು ವರ್ಷ ಹೆಚ್ಚು ಬರಬಹುದು.

ಪ್ರಶ್ನೆ: ಎಸೆದುಹೋಗುವ ಚೂರುಗಳನ್ನು ಬಳಸುವುದರಿಂದ ಬಾಂಡೆಡ್ ಲೆದರ್ ಪರಿಸರಕ್ಕೆ ಒಳ್ಳೆಯದು ಎನ್ನುತ್ತಾರೆ. ನೀವು ಬರೀ ದೋಷಗಳನ್ನೇ ಹೇಳುತ್ತೀರಿ ಎಂದು ನನ್ನ ಆಕ್ಷೇಪ. ನನ್ನ ಬಳಿ ಬಾಂಡೆಡ್ ಲೆದರ್ ರಟ್ಟಿನ ದಿನಚರಿಯೊಂದು ಹತ್ತು ವರ್ಷದಿಂದ ಚೆನ್ನಾಗಿಯೇ ಇದೆ.

ಉತ್ತರ: ನಿಮ್ಮ ಆಕ್ಷೇಪದಲ್ಲಿ ಹುರುಳಿದೆ. ಉಪ್ಪು ಹಾಕಿದ ಹಸಿ ತೊಗಲು 1000 ಕಿಲೋ ಬಂದರೆ ಕೊನೆಯಲ್ಲಿ ಚರ್ಮವಾಗಿ ಸಿಗುವುದು 200ರಿಂದ 250 ಕಿಲೋ ಮಾತ್ರ. ಉಳಿದದ್ದು ನೀರು, ಕೂದಲು, ಕೊಬ್ಬು, ಹೆರಕಲು, ತುಂಡು. ಕ್ರೋಮಿಯಂನಿಂದ ಹದಗೊಂಡ ಹೆರಕಲನ್ನು ಸುಮ್ಮನೆ ಸುಡುವಂತೆಯೂ ಇಲ್ಲ. ಹದ ಮಾಡಲು ಬಳಸುವ ಮೂರರ ವೇಲೆನ್ಸಿಯ ಕ್ರೋಮಿಯಂ ಗಾಳಿಯಲ್ಲಿ ಉರಿದಾಗ ವಿಷಕಾರಿಯಾದ ಆರರ ವೇಲೆನ್ಸಿಗೆ ತಿರುಗಬಹುದು. ಮೈಗೆ ತಾಗುವ ಚರ್ಮದ ವಸ್ತುಗಳಲ್ಲಿ ಈ ಎರಡನೆಯ ಬಗೆ ಕಿಲೋ ಒಂದಕ್ಕೆ 3 ಮಿಲಿಗ್ರಾಂ ಮುಟ್ಟಬಾರದೆಂದು ಯುರೋಪಿನಲ್ಲಿ 2015ರಿಂದ ಮಿತಿ ಇದೆ. ಹೀಗಿರುವಾಗ ಹೆರಕಲನ್ನು ಹಾಳೆಯಾಗಿ ಮಾಡುವುದು ಬುದ್ಧಿವಂತಿಕೆಯ ಕೆಲಸವೇ. ಅಂಟನ್ನು ಬಿಟ್ಟು, ಜೋರಾದ ನೀರಿನ ಸೂಜಿಧಾರೆಗಳಿಂದ ನಾರುಗಳನ್ನು ಒಂದರೊಳಗೊಂದು ಸಿಕ್ಕಿಸಿ ಹಾಳೆ ಮಾಡುವ ಕ್ರಮವೂ ಬಂದಿದ್ದು, ಅಂತಹ ವಸ್ತುವನ್ನು ವಿಮಾನದ ಆಸನಗಳಿಗೂ ಬಳಸುತ್ತಾರೆ. ಕಳೆದುಹೋದ ಹೆಣಿಗೆಗೆ ಬದಲಾಗಿ ಸ್ವಲ್ಪವಾದರೂ ಹೊಸ ಹೆಣಿಗೆಯನ್ನು ತರುವ ಪ್ರಯತ್ನ ಅದು.

ನನ್ನ ತಕರಾರು ಎಲ್ಲಿ ಬಳಸುತ್ತಾರೆ ಎಂಬುದರ ಬಗ್ಗೆ. ಶೇಕಡಾ 15ರಷ್ಟು ತೊಗಲಿನ ಪುಡಿಯನ್ನು ಪ್ಲಾಸ್ಟಿಕ್ಕಿಗೂ ಬಟ್ಟೆಗೂ ಬಿಡಿಸಲಾರದಂತೆ ಅಂಟಿಸಿ, ನಾಲ್ಕು ವರ್ಷಕ್ಕೆ ಇಡೀ ಸೋಫಾವನ್ನು ಕಸಕ್ಕೆ ಹಾಕುವಂತಾದರೆ ಚೂರು ಉಳಿಸಿದ ಲಾಭ ಎಲ್ಲಿ ಉಳಿಯಿತು? ಅದೇ ಹಾಳೆ, ತೊಗಲಿನ ಪಾಲು ಹೆಚ್ಚಿದ್ದು, ಹಿಗ್ಗುವ ಕುಗ್ಗುವ ಕೆಲಸವಿಲ್ಲದ ಕಡೆ ಕುಳಿತರೆ ಬಹಳ ಕಾಲ ಬಾಳುತ್ತದೆ. ಜೋಡಿನ ಹಿಮ್ಮಡಿಯ ಪದರಗಳು, ಒಳಗಿನ ಗಟ್ಟಿ ಅಟ್ಟೆ, ಪೆಟ್ಟಿಗೆಯ ಹೊದಿಕೆ, ಪುಸ್ತಕದ ರಟ್ಟು ಇವೆಲ್ಲ ಅಂತಹ ಜಾಗಗಳು. ನಿಮ್ಮ ದಿನಚರಿ ಹತ್ತು ವರ್ಷ ಬಂದಿರುವುದು ಅದರ ರಟ್ಟು ಮೇಜಿನ ಮೇಲೆ ಚಪ್ಪಟೆಯಾಗಿ ಮಲಗಿರುವುದರಿಂದ. ಅದರ ಬೆನ್ನನ್ನು, ಅಂದರೆ ತೆರೆದಾಗಲೆಲ್ಲ ಮಡಚಿಕೊಳ್ಳುವ ಗೆರೆಯನ್ನು, ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಬಿರುಕು ಬರುವುದಿದ್ದರೆ ಮೊದಲು ಅಲ್ಲಿಯೇ ಬರುತ್ತದೆ. ಕೂದಲೆಳೆಯಂತಹ ಬಿಳಿ ಗೆರೆಗಳು ಕಂಡರೆ ಎಣ್ಣೆ ಹಚ್ಚಲು ಹೋಗಬೇಡಿ. ಬೆನ್ನಿಗೆ ತೆಳು ಬಟ್ಟೆಯ ಪಟ್ಟಿಯನ್ನು ಅಂಟಿಸಿದರೆ ಸಾಕು.